ಹತ್ತೊಂಬತ್ತನೆಯವಳು

ಆ ದಿನಕ್ಕೆ ನನ್ನ ಬಳಿ ಎರಡು ಸಾಕ್ಷಿಗಳಿವೆ. ಒಂದು, ಮರುದಿನ ಬೆಳಿಗ್ಗೆ ಆಳಂದದ ಮನೆಯಲ್ಲಿ ಕೂತು ಬರೆದ ದಿನಚರಿಯ ನಾಲ್ಕು ಪುಟ. ಇನ್ನೊಂದು, ಹೊಳೆಯ ದಂಡೆಯಲ್ಲಿ ನಾನು ಹಿಡಿದುಕೊಂಡಿದ್ದ ರಿಜಿಸ್ಟರಿನಿಂದ ಹರಿದಿಟ್ಟುಕೊಂಡ ಹಾಳೆ. ನೀರು ಬಿದ್ದು ಅದರ ಶಾಯಿ ಹರಡಿದೆ. ಎರಡೂ ನನ್ನ ಕೈಬರಹವೇ. ಆದರೆ ದಿನಚರಿಯಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ಇದ್ದಾಳೆ, ಹಾಳೆಯಲ್ಲಿ ಅವಳಿಗೆ ಜಾಗವಿಲ್ಲ.

ಸಂಕ್ರಾಂತಿಗೆ ಭೀಮಾ ನದಿಯಲ್ಲಿ ಮೀಯುವುದು ನಮ್ಮ ಕಡೆಯ ರೂಢಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಊರುಗಳಿಂದ ಜನ ಟ್ರ್ಯಾಕ್ಟರು, ಟಂಟಂ, ಬಸ್ಸು ಸಿಕ್ಕಿದ್ದನ್ನು ಹಿಡಿದು ಬರುತ್ತಾರೆ. ಅರೆದ ಎಳ್ಳು ಮೈಗೆ ಹಚ್ಚಿಕೊಂಡು ಮುಳುಗಿ, ದಂಡೆಯಲ್ಲೇ ಬುತ್ತಿ ಬಿಚ್ಚಿ ಸಜ್ಜೆರೊಟ್ಟಿ, ಬದನೆಕಾಯಿ ಪಲ್ಯ ಉಂಡು ಹೋಗುತ್ತಾರೆ. ಜನ ಹೆಚ್ಚಾದಂತೆ ದಂಡೆಯ ಊರಿನವರು ಒಂದು ಸೇವಾ ಸಮಿತಿ ಮಾಡಿಕೊಂಡಿದ್ದರು. ಅದರ ಹಿರಿಯರು ನನಗೆ ಪ್ರೌಢಶಾಲೆಯಲ್ಲಿ ಪಾಠ ಹೇಳಿದ್ದ ಮಾಸ್ತರರು. ಮೂರು ವರ್ಷದ ಹಿಂದೆ ಅವರು ಕರೆದರೆಂದು ಹೋದೆ.

ಹಬ್ಬಕ್ಕೆ ಒಂದು ವಾರ ಮುಂಚೆ ಶಾಲೆಯ ಪಡಸಾಲೆಯಲ್ಲಿ ಕೆಲಸ ಹಂಚಿದರು. ಕುಡಿಯುವ ನೀರು, ಮೈಕು, ಟ್ರ್ಯಾಕ್ಟರು ನಿಲ್ಲಿಸುವ ಹೊಲ, ನೀರಿನಲ್ಲಿ ಕಟ್ಟಿದ ಹಗ್ಗ ಕಾಯುವುದು. ನನ್ನ ಸರದಿ ಬಂದಾಗ ಯಾರೋ ಅಂದರು:

"ಇಕಿ ಕಡಗಂಚಿ ಯುನಿವರ್ಸಿಟ್ಯಾಗ ಎಂ.ಎ. ಮಾಡ್ಯಾಳ. ಬರಿಯೂ ಕೆಲಸ ಇಕಿಗೇ ಕೊಡ್ರಿ."

"ಎದರಾಗ ಎಂ.ಎ.?"

"ಇತಿಹಾಸದಾಗ್ರಿ," ಎಂದೆ.

"ಹಂಗಾದ್ರ ಸತ್ತವರ ಲೆಕ್ಕ ಬರ್ತದ. ಇದ್ದವರ ಲೆಕ್ಕ ಬರ್ತದೋ ಇಲ್ಲೋ ಕೇಳ್ಕೋರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಸ್ತರರು ಮಾತ್ರ ನಗಲಿಲ್ಲ. "ನೋಡವ್ವಾ, ನೀ ನಿಂದ್ರೂದು ಹೆಣ್ಮಕ್ಕಳು ಮೀಯೂ ಮೂರನೇ ಘಾಟಿನ್ಯಾಗ. ಒಂದೊಂದ ಊರಿನ ಗುಂಪು ಒಳಗ ಬಿಡ್ತಾರ. ಹೋಗುವಾಗ ಒಮ್ಮೆ ಎಣಸು, ಬರುವಾಗ ಒಮ್ಮೆ ಎಣಸು. ನಿನ್ನ ಕಣ್ಣಿಲೆ ಎಣಸು. ಯಾರ ಬಾಯಿ ಮಾತೂ ಬರಕೋಬ್ಯಾಡ," ಎಂದರು. ಈ ಮಾತು ನನ್ನ ನೆನಪಿನಲ್ಲೂ ದಿನಚರಿಯಲ್ಲೂ ಒಂದೇ ತೆರನಾಗಿದೆ. ಆದ್ದರಿಂದ ನಂಬುತ್ತೇನೆ.

ಎಣಿಸುವುದು ಯಾಕೆ ಬೇಕೆಂದು ಹಬ್ಬದ ಹಿಂದಿನ ಮಧ್ಯಾಹ್ನ ತಿಳಿಯಿತು. ನಮ್ಮ ಘಾಟಿಗೆ ಅಂಬಿಗರ ಒಬ್ಬ ಮುದುಕ ಇದ್ದ, ಎಲ್ಲರಿಗೂ ಮುತ್ಯಾ; ಜೊತೆಗೆ ಈಜು ಬಲ್ಲ ಅವನ ತಮ್ಮಂದಿರ ಮಕ್ಕಳಿಬ್ಬರು. ಮುತ್ಯಾ ನನ್ನನ್ನು ತನ್ನ ಹರಗೋಲಿನಲ್ಲಿ ಕೂರಿಸಿಕೊಂಡು ಹಗ್ಗ ಕಟ್ಟಿದ ಗಡಿಯವರೆಗೆ ಹೋದ. ಹಗ್ಗದ ಈಚೆ ಬಿದಿರಿನ ಗಳ ಊರಿದ, ಸೊಂಟದಷ್ಟು ನೀರು. ಹಗ್ಗದ ಆಚೆ ಒಂದು ಮೊಳ ದೂರದಲ್ಲಿ ಊರಿದ. ಗಳ ಇಳಿಯಿತು, ಇಳಿಯಿತು, ಅವನ ಮುಷ್ಟಿಯೂ ನೀರು ಮುಟ್ಟಿತು. ಮರಳು ತೆಗೆದ ಗುಂಡಿ. ಮೇಲೆ ನೀರು ಮಾತ್ರ ಎರಡೂ ಕಡೆ ಒಂದೇ ಬಣ್ಣ.

"ಮುಳುಗಿದವರು ಕೂಗ್ತಾರಂತ ತಿಳದೀರೇನ್ರಿ? ಕೂಗಂಗಿಲ್ಲ," ಎಂದ ಮುತ್ಯಾ. ಓದಿದ ಹೆಂಗಸರೆಲ್ಲ ಅವನಿಗೆ "ಬಾಯಿ". "ನೀರ ಏನೂ ಹೇಳಂಗಿಲ್ಲ ಬಾಯಿ. ದಂಡ್ಯಾಗ ಚಪ್ಪಲಿ ಉಳದ್ರ ಅದೇ ಹೇಳ್ತದ."

ಅಂದು ಶುರುವಾದ ಹೆದರಿಕೆ ಮರುದಿನ ಬೆಳಿಗ್ಗೆಯೂ ಹೋಗಿರಲಿಲ್ಲ. ಎರಡು ಬಿದಿರಿನ ಕಂಬಗಳ ನಡುವೆ ಒಳಹೋಗುವ ದಾರಿ. ಅಲ್ಲಿ ಕೆಸರಿದ್ದದ್ದರಿಂದ ಚಪ್ಪಲಿ ಕಳಚಿ ಬದಿಗಿಟ್ಟು, ರಿಜಿಸ್ಟರು ಹಿಡಿದು ನಿಂತೆ. ಮೊದಲ ಗುಂಪಿನಲ್ಲಿ ಒಂಬತ್ತು ಜನ. ಬೆರಳು ತೋರಿಸಿ ಒಬ್ಬೊಬ್ಬರನ್ನೇ ಎಣಿಸಿದೆ. ಐದನೆಯವಳು ನನ್ನ ಬೆರಳಿನ ಮೇಲೆ ಪಟ್ಟನೆ ಹೊಡೆದಳು.

"ಬೊಟ್ಟು ಮಾಡಿ ಎಣಸ್ತಿಯೇನ ಬೇ? ನಾವೇನ ಕುರಿ ಏನು ಸಂತ್ಯಾಗ ನಿಂತಿದ್ದು? ಹಬ್ಬದ ದಿನ, ನೀರಿನ ಮುಂದ!"

ಮನುಷ್ಯರನ್ನು ಎಣಿಸಬಾರದೆಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ತೊಟ್ಟಿಲ ಮಕ್ಕಳು, ಪಂಕ್ತಿಯಲ್ಲಿ ಕೂತವರು, ಯಾರನ್ನೂ, ಒಲೆಯ ಮೇಲಿನ ರೊಟ್ಟಿಯನ್ನೂ. ಗೊತ್ತಿದ್ದೂ ಬೆರಳು ಚಾಚಿದ್ದೆ. ನಾಚಿಕೆಯಾಯಿತು. ಎರಡನೆಯ ಗುಂಪಿನಿಂದ ನಾನು ಎಣಿಸುವುದನ್ನು ಬಿಟ್ಟು, ಗುಂಪಿನ ಹಿರಿಯಳನ್ನು "ಎಷ್ಟ ಮಂದಿ ಅದೀರಿ?" ಎಂದು ಕೇಳಿ ಬರೆದುಕೊಳ್ಳತೊಡಗಿದೆ. ಗುರುತಿಗೆ ಅವಳ ಕೈಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟುತ್ತಿದ್ದೆ. ಬರುವಾಗ ಮಾತ್ರ ಕಣ್ಣಿನಲ್ಲೇ ಎಣಿಸಿ, ಲೆಕ್ಕ ಸರಿಯಾದರೆ ಮುಂದೆ ಒಂದು ಗೀಟು.

ದಿನಚರಿಯಲ್ಲಿ ಇದಕ್ಕೆ ಕಾರಣ "ನೂಕುನುಗ್ಗಲು" ಎಂದು ಬರೆದಿದ್ದೇನೆ. ಹಾಳೆಯಲ್ಲಿ ಗುಂಪುಗಳ ಪಕ್ಕ ಹೊತ್ತು ನಮೂದಾಗಿದೆ. ಮೊದಲ ಗುಂಪಿಗೂ ಎರಡನೆಯದಕ್ಕೂ ನಡುವೆ ಕಾಲು ಗಂಟೆ. ನೂಕುನುಗ್ಗಲು ಎಲ್ಲಿತ್ತು? ಒಂದು ಏಟಿಗೆ ನಾನು ಎಣಿಸುವ ರೀತಿ ಬದಲಿಸಿದ್ದೆ, ಮರುದಿನವೇ ಅದನ್ನು ನನ್ನಿಂದಲೇ ಮುಚ್ಚಿಟ್ಟಿದ್ದೆ.

ಏಳು ಗುಂಪುಗಳು ಹೋಗಿ ಬಂದವು. ಏಳೂ ಸರಿಹೊಂದಿದವು. ಎಂಟನೆಯದು ಆಳಂದ ತಾಲೂಕಿನ ಒಂದು ಊರಿನದು. ಹಿರಿಯಳು ದೊಡ್ಡ ದನಿಯ ಒಬ್ಬ ಅಜ್ಜಿ, ನಮ್ಮ ಕಡೆಯ ಮಾತಿನಲ್ಲಿ ಆಯಿ. ಮೂಗಿಗೆ ನಶ್ಯ ಏರಿಸುತ್ತಲೇ "ಹತ್ತೊಂಬತ್ತ ಅದೇವಿ, ಬರಕೋ," ಎಂದಳು. ಬರೆದುಕೊಂಡೆ. ಹತ್ತು ನಿಮಿಷ ಕೇಕೆ, ನಗು, ನೀರೆರಚಾಟ. ಆಮೇಲೆ ಒದ್ದೆ ಸೀರೆ ಹಿಂಡುತ್ತ ಹೊರಬಂದರು. ಹದಿನಾರು, ಹದಿನೇಳು, ಹದಿನೆಂಟು.

ಮುಂದೆ ಯಾರೂ ಬರಲಿಲ್ಲ.

ಹಗ್ಗದೊಳಗಿನ ನೀರನ್ನು ನೋಡಿದೆ. ಎಳ್ಳಿನ ಜಿಡ್ಡು ತೇಲುತ್ತಿತ್ತು, ಬಿಸಿಲು ಬಿದ್ದು ಮಿನುಗುತ್ತಿತ್ತು. ನೀರು ಏನೂ ಹೇಳುವುದಿಲ್ಲ ಎಂದು ಮುತ್ಯಾ ಹೇಳಿದ್ದ. "ಮುತ್ಯಾ, ಒಬ್ಬಾಕಿ ಕಮ್ಮಿ," ಎಂದೆನೋ, ಬರೀ ಕೈ ಮಾಡಿದೆನೋ, ಹೇಳಲಾರೆ. ಅವನು ನನ್ನ ಮುಖ ನೋಡಿದ, ಸೀಟಿ ಊದಿದ. ಒಳಬರಲು ನಿಂತಿದ್ದ ಗುಂಪನ್ನು ಹಿಂದೆ ಸರಿಸಿದರು. ಅವನ ತಮ್ಮಂದಿರ ಮಕ್ಕಳಿಬ್ಬರೂ ಹಗ್ಗದ ಆಚೆ ಮುಳುಗಿ ಹುಡುಕತೊಡಗಿದರು.

"ನೀವು ಆ ಗುಂಪು ಹುಡುಕ್ರಿ ಬಾಯಿ, ಯಾರಿಲ್ಲಂತ ಕೇಳ್ರಿ. ನಾ ನೀರ ನೋಡ್ತೇನಿ," ಎಂದ ಮುತ್ಯಾ.

ಓಡಿದೆ. ದಂಡೆ ಹತ್ತಿದರೆ ಕಣ್ಣು ಹಾಯುವವರೆಗೆ ಬುತ್ತಿ ಬಿಚ್ಚಿದ ಗುಂಪುಗಳು, ಸಾಲು ಟ್ರ್ಯಾಕ್ಟರುಗಳು. ಎಲ್ಲ ಟ್ರಾಲಿಗಳಲ್ಲೂ ಕಾರ್ಖಾನೆಗೆ ಸಾಗಿಸಿದ ಕಬ್ಬಿನ ಒಣಗಿದ ರವದಿ ಗರಿ ಅಂಟಿತ್ತು, ಎಲ್ಲವೂ ಒಂದೇ ತರಹ. ಪ್ರತಿ ಹೆಂಗಸಿನ ಕೈ ನೋಡುತ್ತ ಓಡುತ್ತಿದ್ದೆ, ಕೆಂಪು ಪಟ್ಟಿಗಾಗಿ. ಅವಳ ಮನೆಯವರಿಗೆ ಏನು ಹೇಳಬೇಕು ಎನ್ನುವ ವಾಕ್ಯ ಆಗಲೇ ತಲೆಯಲ್ಲಿ ತಯಾರಾಗುತ್ತಿತ್ತು. ಆ ವಾಕ್ಯದಲ್ಲೂ "ನೂಕುನುಗ್ಗಲು" ಎಂಬ ಮಾತಿತ್ತು ಎಂಬ ಅನುಮಾನ ನನಗೆ.

ಆಯಿ ಜಾಲಿಮರದ ಕೆಳಗೆ ಸಿಕ್ಕಳು, ರೊಟ್ಟಿ ಹಂಚುತ್ತಿದ್ದಳು.

"ಆಯಿ, ನಿಮ್ಮವರೆಲ್ಲಾ ಬಂದಾರೇನ್ರಿ?"

"ಬಂದೇವಿ. ಬಾ ಬೇ, ನೀನೂ ಕೂಡು. ಯಾಕ ಹಿಂಗ ತೇಕಾಕತ್ತೀ, ನಾಯಿ ಬೆನ್ನ ಹತ್ತೇದೇನು?"

"ಎಷ್ಟ ಮಂದಿ ಇದ್ರಿ ನೀವು?"

"ಬರಕೊಂಡಿ ಅಲ್ಲ. ಹತ್ತೊಂಬತ್ತ."

ಎಣಿಸಿದೆ, ಬೆರಳು ಚಾಚಿಯೇ. "ಇಲ್ಲಿ ಹದಿನೆಂಟೇ ಮಂದಿ ಅದೀರಿ! ಇನ್ನೊಬ್ಬಾಕಿ ಎಲ್ಲಿ?"

ಆಯಿ ರೊಟ್ಟಿ ಕೆಳಗಿಟ್ಟು ಎದ್ದು ಬಂದು, ಎಣ್ಣೆಗೈಯಿಂದಲೇ ನನ್ನ ಬಾಯಿ ಮುಚ್ಚಿದಳು. "ಮೆಲ್ಲಕ. ಹೊಳಿಗಿ ಕೇಳ್ತದ." ಕೈ ತೆಗೆದು ಕಿವಿಯ ಹತ್ತಿರ ಬಂದು ಹೇಳಿದಳು: "ನೀರಿನ ಮುಂದ ಇದ್ದಷ್ಟ ಮಂದಿ ಹೇಳಬಾರದ ಬೇ. ಒಂದ ಹೆಚ್ಚ ಹೇಳಬೇಕು. ಗಂಗವ್ವ ಕೇಳಿದ್ರ ಆ ಇಲ್ಲದಾಕಿನ್ನ ಇಟ್ಕೋತಾಳ, ಇದ್ದವರನ್ನ ಬಿಡ್ತಾಳ. ನಿಮ್ಮವ್ವ ನಿನಗ ಇಷ್ಟೂ ಹೇಳಿಲ್ಲೇನು?"

"ಖರೇನಾ? ಯಾರೂ ಉಳದಿಲ್ಲ?"

"ಇಕಿ ನನ್ನ ಸೊಸಿ. ಇಕಿ ಸೊಸಿ ಅವ್ವ. ಇವು ನಾಕೂ ಓಣ್ಯಾನವು..." ಒಬ್ಬೊಬ್ಬರ ತಲೆ ಮುಟ್ಟುತ್ತ ಹೋದಳು. ಮುಟ್ಟಿಸಿಕೊಂಡವರು "ನಾ ಇಲ್ಲೇ ಅದೇನ್ರಿ, ನಾ ಇಲ್ಲೇ ಅದೇನ್ರಿ" ಎಂದು ನಕ್ಕರು. "ರಿಜಿಸ್ಟರ್ ಬಾಯಿ ಅಂಜಿ ಬಿಳಚ್ಯಾಳ ನೋಡ್ರೆ," ಎಂದಳೊಬ್ಬಳು. ನಾನು ಅಲ್ಲೇ ಕೂತೆ. ಕೈಗೆ ಯಾರೋ ರೊಟ್ಟಿ ಕೊಟ್ಟರು.

ಆ ರೊಟ್ಟಿಯ ಒಂದು ತುತ್ತು ನುಂಗುವಷ್ಟರಲ್ಲಿ ಇನ್ನೊಂದು ಹೆದರಿಕೆ ಬಂತು. ಮೊದಲಿನದಕ್ಕಿಂತ ಇದು ತಣ್ಣಗಿತ್ತು.

"ಆಯಿ, ಎಲ್ಲಾರೂ ಹಿಂಗೇ ಒಂದ ಹೆಚ್ಚ ಹೇಳ್ತಾರೇನ್ರಿ?"

"ತಿಳದವರು ಹೇಳ್ತಾರ. ತಿಳೀಲಾರದವರು ಇದ್ದಷ್ಟ ಒದರಿ ಬಿಡ್ತಾರ."

ಹಾಗಾದರೆ ಹಿಂದಿನ ಗುಂಪುಗಳಲ್ಲೂ ಕೆಲವು ಹಿರಿಯರು ಒಂದು ಹೆಚ್ಚು ಹೇಳಿರಲೇಬೇಕು. ಆ ಗುಂಪುಗಳು ಹೊರಬಂದಾಗ ನನಗೆ ಒಬ್ಬಳು ಕಡಿಮೆ ಕಾಣಬೇಕಿತ್ತು. ಕಂಡಿರಲಿಲ್ಲ. ಏಳಕ್ಕೆ ಏಳೂ ಸರಿ! ಅಂದರೆ ನಾನು ಬಂದವರನ್ನು ಎಣಿಸಿರಲಿಲ್ಲ. ಒಬ್ಬಳನ್ನು ಎರಡು ಸಲ ಎಣಿಸಿಯಾದರೂ ಬರೆದುಕೊಂಡ ಸಂಖ್ಯೆ ಮುಟ್ಟಿಸಿ, ಮುಟ್ಟಿತೆಂದು ಗೀಟು ಹಾಕಿದ್ದೆ. ಹಾಗೆ ಎಣಿಸುವ ಕಣ್ಣಿಗೆ ನಿಜವಾಗಿ ಒಬ್ಬಳು ಕಡಿಮೆಯಾಗಿದ್ದರೂ ಕಾಣುತ್ತಿರಲಿಲ್ಲ. ಆಯಿ ಕಟ್ಟಿ ಹೇಳಿದ ಹತ್ತೊಂಬತ್ತನೆಯವಳು ಸಿಕ್ಕಿಬಿದ್ದಳು. ಇದ್ದು ಇಲ್ಲವಾದವಳು ಯಾರಾದರೂ ಇದ್ದರೆ, ಅವಳು ನನ್ನ ಗೀಟುಗಳ ಕೆಳಗೇ ಇದ್ದಳು.

ಮತ್ತೆ ಘಾಟಿಗೆ ಓಡಿದೆ. ಮುತ್ಯಾನ ಹುಡುಗರು ದಂಡೆಯಲ್ಲಿ ಕೂತು ನಡುಗುತ್ತಿದ್ದರು. "ನಮಗ ಸಿಕ್ಕಷ್ಟರಾಗ ಯಾರಿಲ್ರಿ," ಎಂದರು. ಮುತ್ಯಾನಿಗೆ ಎಲ್ಲ ಹೇಳಿದೆ, ಬೆರಳಿನ ಮೇಲೆ ಬಿದ್ದ ಏಟಿನಿಂದ ಹಿಡಿದು. ಬೈಯುತ್ತಾನೆಂದು ಕಾದೆ. ಅವನು ಬೈಯಲಿಲ್ಲ. "ನಡ್ರಿ, ಚಪ್ಪಲಿ ನೋಡೂಣು," ಎಂದ.

ಕಾದು ನಿಂತಿದ್ದವರಿಗೆಲ್ಲ ತಮ್ಮ ಚಪ್ಪಲಿ ಮೆಟ್ಟಿಕೊಂಡು ದೂರ ಹೋಗಲು ಹೇಳಿದರು. ಗೊಣಗುತ್ತ ಹೋದರು. ದಂಡೆ ಖಾಲಿಯಾಯಿತು. ಕಪ್ಪು ಮಣ್ಣಿನ ಮೇಲೆ ಒದ್ದೆ ಹೆಜ್ಜೆಗಳು, ಉದುರಿದ ಎಳ್ಳು. ಕಂಬದ ಬದಿಗೆ ಒಂದು ಜೊತೆ ಚಪ್ಪಲಿ.

ನೀಲಿ ಪಟ್ಟಿಯ ರಬ್ಬರು ಚಪ್ಪಲಿ. ಎಡಗಾಲಿನದರ ಹಿಮ್ಮಡಿ ಸವೆದಿತ್ತು. ಅದನ್ನು ನೋಡುತ್ತಿದ್ದಂತೆ ನನಗೆ ಅವಳು ನೆನಪಾದಳು. ಮೂರನೆಯದೋ ನಾಲ್ಕನೆಯದೋ ಗುಂಪಿನಲ್ಲಿ ಕೊನೆಗೆ ಬಂದವಳು, ಹಸಿರು ಸೀರೆ, ಹೊಸದಾಗಿ ಮದುವೆಯಾದವಳ ಕೈತುಂಬ ಬಳೆ. ಚಪ್ಪಲಿ ಬಿಡುತ್ತ ನನ್ನ ಕಡೆ ನೋಡಿ ನಕ್ಕಿದ್ದಳು. ಹೋಗುವುದನ್ನು ಕಂಡೆ, ಬರುವುದನ್ನು ಕಾಣಲಿಲ್ಲ. ಇಷ್ಟು ಸ್ಪಷ್ಟವಾಗಿ ಆ ದಿನದ ಬೇರೆ ಯಾರ ಮುಖವೂ ನನಗೆ ಕಂಡಿಲ್ಲ. "ಹಸಿರು ಸೀರಿ, ಮುತ್ಯಾ. ಸಣ್ಣಾಕಿ. ನಾ ನೋಡೇನಿ," ಎಂದೆ. ಅಳುತ್ತಿದ್ದೆ.

ಮುತ್ಯಾ ಚಪ್ಪಲಿ ನೋಡಿದ. ನನ್ನನ್ನು ನೋಡಿದ.

"ನಿಮ್ಮ ಕಾಲ ನೋಡ್ಕೋರಿ, ಬಾಯಿ."

ಬರಿಗಾಲು. ಜಾಲಿಮುಳ್ಳು ಚುಚ್ಚಿ ರಕ್ತ ಒಸರುತ್ತಿತ್ತು, ಅದುವರೆಗೆ ಗೊತ್ತೇ ಆಗಿರಲಿಲ್ಲ. ಚಪ್ಪಲಿ ನನ್ನದೇ. ದೀಪಾವಳಿಯ ಹೊತ್ತಿಗೆ ಆಳಂದದ ಬಜಾರಿನಲ್ಲಿ ಕೊಂಡದ್ದು. ನಾನು ಎಡಗಾಲನ್ನು ಎಳೆದು ನಡೆಯುತ್ತೇನೆಂದು ಅವ್ವ ಯಾವಾಗಲೂ ಬೈಯುತ್ತಾಳೆ.

ಮುತ್ಯಾನ ಮಟ್ಟಿಗೆ ಅಲ್ಲಿಗೆ ಮುಗಿಯಿತು, ಘಾಟು ಮತ್ತೆ ತೆರೆದರು. ನನಗೆ ಮುಗಿಯಲಿಲ್ಲ. ಬರಿಗಾಲಲ್ಲಿ ಬಂದವಳಿದ್ದರೆ? ಸಂಜೆ ಮಾಸ್ತರರಿಗೆ ರಿಜಿಸ್ಟರು ಕೊಟ್ಟು ನಡೆದದ್ದು ಹೇಳಿದೆ. ಅವರು ಹಾಳೆಯಲ್ಲಿದ್ದ ಮೊದಲ ಎಂಟೂ ಊರುಗಳಿಗೆ ಪರಿಚಯದವರ ಮೂಲಕ ಫೋನು ಮಾಡಿಸಿದರು. ಜೇವರ್ಗಿ ತಾಲೂಕಿನ ಒಂದು ಊರಿನವರ ಟ್ರ್ಯಾಕ್ಟರು ಇನ್ನೂ ದಾರಿಯಲ್ಲಿತ್ತು. ಎರಡು ದಿನ ಬಿಟ್ಟು ಮಾಸ್ತರರ ಫೋನು ಬಂತು. "ಎಲ್ಲಾರೂ ಮನಿ ಮುಟ್ಯಾರವ್ವಾ. ಎಷ್ಟ ಮಂದಿ ಅಂತ ಕೇಳಿದ್ರ ಒಬ್ಬರೂ ಹೇಳವಲ್ರು. ಎಲ್ಲಾರೂ ಬಂದೇವಿ ಅಂತಾರ, ಅಷ್ಟ."

ಆ ಎರಡು ದಿನಗಳ ನಡುವೆ ಬರೆದದ್ದು ದಿನಚರಿಯ ನಾಲ್ಕು ಪುಟ. ಅದರಲ್ಲಿ ಚಪ್ಪಲಿ ನನ್ನದೆಂದು ತಿಳಿದ ಮೇಲೂ ಹಸಿರು ಸೀರೆಯವಳ ಬಗ್ಗೆ "ಕಂಡೆ" ಎಂದೇ ಬರೆದಿದೆ, "ಕಂಡಂತಾಯಿತು" ಎಂದಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಅವಳು ಬರುತ್ತಾಳೆ, ನಗುತ್ತಾಳೆ. ಆಯಿ ಹೊಳೆಗಾಗಿ ಒಬ್ಬಳನ್ನು ಹುಟ್ಟಿಸಿದಳು, ನಾನು ಹೆದರಿಕೆಗಾಗಿ. ಆಯಿಗೆ ತನ್ನವಳು ಸುಳ್ಳೆಂದು ಗೊತ್ತಿತ್ತು.

ಈ ಸಂಕ್ರಾಂತಿಗೂ ಅದೇ ಘಾಟಿನಲ್ಲಿ ನಿಂತಿದ್ದೆ. ಬರುವುದಿಲ್ಲ ಎಂದಿದ್ದೆ. "ಅಂಜೂ ಮಂದಿನೇ ಬೇಕವ್ವಾ ಆ ಕೆಲಸಕ್ಕ," ಎಂದರು ಮಾಸ್ತರರು. ಚಪ್ಪಲಿ ಕಾಲಲ್ಲೇ ಇತ್ತು, ಕೆಸರಾದರೆ ಆಗಲಿ. ಆಯಿ ಬಂದಳು, ಗುರುತು ಹಿಡಿದು ನಕ್ಕಳು.

"ಬರಕೋ ಬೇ, ಇಪ್ಪತ್ತೊಂದ."

ಬರೆದುಕೊಂಡೆ. ಆಮೇಲೆ ರಿಜಿಸ್ಟರನ್ನು ಕಂಕುಳಲ್ಲಿ ಇರುಕಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಒಳಹೋಗುವ ಒಬ್ಬೊಬ್ಬರಿಗೂ ಬೆರಳಿನ ಒಂದೊಂದು ಗೆರೆಯ ಮೇಲೆ ಹೆಬ್ಬೆರಳಿಟ್ಟೆ. ಯಾರಿಗೂ ಕಾಣಲಿಲ್ಲ. ಇಪ್ಪತ್ತು. ಅವರು ಮೀಯುತ್ತಿದ್ದಷ್ಟು ಹೊತ್ತು ಆ ಇಪ್ಪತ್ತನೆಯ ಗೆರೆಯನ್ನು ಉಗುರಿನಿಂದ ಒತ್ತಿ ಹಿಡಿದಿದ್ದೆ. ಹೊರಬರತೊಡಗಿದಾಗ ಮತ್ತೆ ಮೊದಲಿನಿಂದ, ಒಂದೊಂದೇ ಗೆರೆ. ಹದಿನೆಂಟಕ್ಕೆ ಹೆಬ್ಬೆರಳು ನಿಂತಿತು. ಹತ್ತೊಂಬತ್ತನೆಯವಳು ನೀರಿನಲ್ಲೇ ನಿಂತು ಬಿಚ್ಚಿದ ಕೂದಲು ಗಂಟು ಹಾಕಿಕೊಳ್ಳುತ್ತಿದ್ದಳು, ಅವಳಿಗೇನೂ ಅವಸರವಿರಲಿಲ್ಲ. ಅವಳ ಹಿಂದೆ ಆಯಿ ಇದ್ದಳು, ಅವಳ ಬೆನ್ನಿಗೊಂದು ಗುದ್ದಿ ಮುಂದೆ ನೂಕುತ್ತ ಬಂದಳು.

ಹೆಬ್ಬೆರಳು ಇಪ್ಪತ್ತನೆಯ ಗೆರೆ ಮುಟ್ಟಿತು. ಅಲ್ಲಿ ಉಗುರಿನ ಗುರುತು ಇನ್ನೂ ಇತ್ತು.