ಬೊಳ್ಳಿಯ ಕುತ್ತಿಗೆ

ನಮ್ಮ ಶಾಲೆಯ ಅಡುಗೆಯ ಪದ್ಮಾಕ್ಷಿಯಕ್ಕ ಹದಿನಾಲ್ಕು ವರ್ಷಗಳಲ್ಲಿ ಯಾರ ಬಳಿಯೂ ಏನನ್ನೂ ಕೇಳಿದವರಲ್ಲ. ಮುಖ್ಯೋಪಾಧ್ಯಾಯರು ಸಾರನ್ನು ಹೊಗಳಿದರೂ ಕೇಳಿಸದವರಂತೆ ಪಾತ್ರೆ ತಿಕ್ಕುತ್ತಿದ್ದರು. ಬೆಳಿಗ್ಗೆ ಹಾಲು ಕರೆದು, ಮಡಂತ್ಯಾರಿನ ಸೊಸೈಟಿಗೆ ಹಾಕಿ, ಅಲ್ಲಿಂದ ನಡೆದೇ ಶಾಲೆಗೆ ಬರುತ್ತಿದ್ದರು. ಅವರಿಗಿದ್ದದ್ದು ಒಂದೇ ದನ, ಬಿಳಿ ಬಣ್ಣದ ಬೊಳ್ಳಿ. ಚರ್ಮಗಂಟು ರೋಗ ಬಂದ ವರ್ಷ ಅದು ಸತ್ತಿತು.

ಅಂಥವರು ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು.

"ಫರ್ಹಾನ ಟೀಚರ್, ಬೊಳ್ಳಿಯದ್ದೊಂದು ಚಿತ್ರ ಮಾಡಿ ಕೊಡ್ತೀರಾ? ಕಣ್ಣು ಮುಚ್ಚಿದ್ರೆ ಬರೀ ಗಂಟುಗಳೇ ಕಾಣ್ತವೆ. ಅದರ ಮೊದಲಿನ ಮೈ ನನಗೆ ನೆನಪಿಗೇ ಬರುದಿಲ್ಲ."

ಇದ್ದದ್ದು ಒಂದೇ ಫೋಟೋ. ದನದ ಡಾಕ್ಟರಿಗೆ ವಾಟ್ಸಾಪ್ ಮಾಡಲೆಂದು ಅವರ ಮಗಳು ತೃಪ್ತಿ ತೆಗೆದದ್ದು. ಮೈಯೆಲ್ಲ ಗಂಟು. ಆದರೂ ನಾನು ಒಪ್ಪಿಕೊಂಡೆ. ಪೆನ್ಸಿಲಿನಲ್ಲಿ ಪ್ರಾಣಿಗಳ ರೋಮ ಬಿಡಿಸುವುದರಲ್ಲಿ ನನಗೆ ಒಳ್ಳೆಯ ಜಂಬವಿದೆ. ಎರಡು ಭಾನುವಾರ ಕುಳಿತು, ಗಂಟುಗಳನ್ನೆಲ್ಲ ಬಿಟ್ಟು, ಒಂದೊಂದೇ ಎಳೆಯಾಗಿ ರೋಮ ಬಿಡಿಸಿದೆ. ಬಿಳಿ ಮೈಯನ್ನು ಕಪ್ಪು ಪೆನ್ಸಿಲಿನಲ್ಲಿ ತೋರಿಸುವುದು ಸುಲಭವಲ್ಲ. ಹೊಟ್ಟೆಯ ಕೆಳಗೆ, ಕುತ್ತಿಗೆಯ ಮಡಿಕೆಗಳಲ್ಲಿ ನೆರಳು ಹಾಕಿದರೆ ಮಾತ್ರ ಉಳಿದ ಭಾಗ ಬೆಳ್ಳಗೆ ಕಾಣುತ್ತದೆ.

ಪದ್ಮಾಕ್ಷಿಯಕ್ಕ ನೋಡಿದರು. "ಬೊಳ್ಳಿ ಇಷ್ಟು ಕೊಳಕು ಇರ್ಲಿಲ್ಲ ಟೀಚರ್. ದಿನಾ ಮೀಯಿಸ್ತಿದ್ದೆ."

"ಅದು ಕೊಳಕಲ್ಲ ಅಕ್ಕ, ನೆರಳು!"

"ಹೌದಾ?" ಇನ್ನೊಮ್ಮೆ ನೋಡಿದರು. "ಚಂದ ಉಂಟು. ಆದ್ರೆ ಇದು ಬೊಳ್ಳಿ ಅಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ಭಾನುವಾರ ನೀರುಪಾಲಾಯಿತಲ್ಲ! "ಹಾಗಾದ್ರೆ ಎಲ್ಲಿ ತಪ್ಪಿದೆ, ನೀವೇ ತೋರಿಸಿ," ಎಂದು ಪೆನ್ಸಿಲನ್ನು ಅವರ ಮುಂದೆ ಚಾಚಿದೆ.

ಅವರು ಪೆನ್ಸಿಲ್ ಮುಟ್ಟಲಿಲ್ಲ. ಸೆರಗಿಗೆ ಕೈ ಒರಸಿಕೊಂಡು, ಹೆಬ್ಬೆರಳನ್ನು ಚಿತ್ರದ ಕುತ್ತಿಗೆಯ ಮೇಲಿಟ್ಟರು. "ಇಲ್ಲಿ ರೋಮ ಕೆಳಗೆ ಇಳಿದಿರ್ಲಿಲ್ಲ. ಹಾಲು ಕರೆಯುವ ಮೊದಲು ನಾನು ದಿನಾ ಹೀಗೆ ಮೇಲಕ್ಕೆ ಸವರ್ತಿದ್ದೆ. ಸವರಿ ಸವರಿ ಮೇಲಕ್ಕೇ ತಿರುಗಿತ್ತು."

ಬೆರಳಿನಿಂದ ಪೆನ್ಸಿಲ್ ಗೆರೆ ಉಜ್ಜಿದ ಮಕ್ಕಳಿಗೆ ನಾನು ಚೆನ್ನಾಗಿ ಬೈಯುತ್ತೇನೆ. ಕೈಯ ಜಿಡ್ಡು ತಾಗಿದರೆ ಕಾಗದವೇ ಹಾಳು. ಈಗ ಬೈಯಲು ಬಾಯಿ ಬರಲಿಲ್ಲ. ಅವರ ಹೆಬ್ಬೆರಳು ಗಲ್ಲದ ಕಡೆಗೆ ನಿಧಾನವಾಗಿ ಏರಿತು. ನನ್ನ ಚೂಪು ಗೆರೆಗಳು ಕದಡಿ, ಆ ಜಾಗ ಮೆತ್ತಗಾಯಿತು. ಮತ್ತೊಮ್ಮೆ ಸವರಿದರು. ಮತ್ತೊಮ್ಮೆ.

"ಹ್ಞಾಂ, ಬಂತು," ಎಂದರು. ಕಣ್ಣು ಮುಚ್ಚಿದ್ದವು. ಬೆರಳು ಮಾತ್ರ ನಿಲ್ಲಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಸಾಲು ನಿಂತರು. ಪದ್ಮಾಕ್ಷಿಯಕ್ಕನನ್ನು ಎಬ್ಬಿಸಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಆ ದಿನ ಅನ್ನ ಬಡಿಸಿದ್ದು ನಾನೇ.