ಏಳನೇ ನಂಬರ್ ಟ್ಯೂಬ್ ಚೆಲ್ಲಂಗಿಲ್ಲ ಸರ್

"ಆ ಹೆಂಗಸರ ಸ್ಯಾಂಪಲ್ ಎಲ್ಲಾ ಚೆಲ್ಲಿಬಿಡು. ಅವರು ಬಾಯಿನ ತೊಳಕೊಂಡಿರಂಗಿಲ್ಲ" ಅಂದ್ರು ನಮ್ಮ ಗೈಡ್ ಸರ್.

ನನಗ ಮೈಯೆಲ್ಲಾ ಉರಿದು ಹೋತು.

ಸರ್ ಹೇಳಿದ್ದು ಬ್ಯಾಡಗಿಯ ಮೂವತ್ತೆರಡು ಹೆಂಗಸರ ಬಗ್ಗೆ. ದಿನಾ ಗೋಡೌನ್‌ನ್ಯಾಗ ಕುಂತು ಮೆಣಸಿನಕಾಯಿ ತೊಟ್ಟು ಕಿತ್ತು ಹಾಕ್ತಾರ. ನಮ್ಮ ಕಡೆ ಅದಕ್ಕ ತುಂಬು ಬಿಡಸೂದು ಅಂತೀವಿ.

ಅವರ ಉಗುಳು ಇಸಗೊಂಡು ಬಂದಾಕಿ ನಾನು. ಹಾವೇರಿಯ ಒಂದು ಲ್ಯಾಬಿನ್ಯಾಗ ಪಿಎಚ್‌ಡಿ ಮಾಡಾಕತ್ತೇನಿ.

ಉಗುಳಿನ್ಯಾಗ ಐಜಿಎ ಅಂತ ಒಂದು ಆಂಟಿಬಾಡಿ ಇರ್ತೈತಿ. ಬಾಯಿ, ಮೂಗು, ಗಂಟಲಕ್ಕ ಅದ ಕಾವಲು. ವರ್ಷಾನುಗಟ್ಲೆ ಖಾರದ ಧೂಳಿನ್ಯಾಗ ಕುಂತವರಿಗೆ ಆ ಕಾವಲು ಎಷ್ಟು ಉಳದೈತಿ... ಇದ ನನ್ನ ಪ್ರಶ್ನೆ.

ಉಗುಳು ಇಸಗೊಳ್ಳೂದು ಸರಳ ಅನಕೊಂಡ್ರೇನು? ಎಂಜಲು ಅಂದ್ರ ನಮ್ಮವರಿಗೆ ಹೇಳಲಾರದಷ್ಟು ಸಂಕೋಚ.

"ನಮ್ಮ ಎಂಜಲಾ ನೀ ಮುಟ್ಟೂದೇನ ಯವ್ವಾ? ನಮಗ ಪಾಪ ಹತ್ತತೈತಿ" ಅಂದ್ಲು ಗಂಗವ್ವ, ಅಲ್ಲಿ ಎಲ್ಲಾರಕಿಂತ ಹಿರ್ಯಾಕಿ. ನಾ ಕೈ ಮುಗಿದ ಮ್ಯಾಲ ಎದ್ದು ಹೋಗಿ, ಮೂರು ಸರ್ತಿ ಬಾಯಿ ಮುಕ್ಕಳಿಸಿ ಬಂದು, ಸೆರಗು ಮರಿ ಮಾಡಿಕೊಂಡು ಟ್ಯೂಬಿಗೆ ಉಗುಳಿದ್ಲು. ಉಳಿದವರೂ ಹಂಗ ಮಾಡಿದ್ರು.

ಅಂಥವರಿಗೆ ಬಾಯಿ ತೊಳದಿಲ್ಲ ಅಂತಾರ ಇವರು!

ಏಳನೇ ನಂಬರ್ ಟ್ಯೂಬ್ ನಮ್ಮ ಅಮ್ಮಿದು. ತುಂಬು ಬಿಡಸಿ ಬಿಡಸಿನ ನನ್ನ ಇಷ್ಟು ಓದಿಸ್ಯಾಳ. ಇದನ್ನ ನಾ ಲ್ಯಾಬಿನ್ಯಾಗ ಯಾರಿಗೂ ಹೇಳಿರಲಿಲ್ಲ. ಯಾಕಂದ್ರ... ನಾಚಿಕಿ. ಖರೇನ ಹೇಳ್ತೇನಿ, ನಾಚಿಕಿನ.

ಆಗಿದ್ದು ಏನಂದ್ರ, ಐಜಿಎ ಹುಡುಕಾಕ ಇನ್ನೊಂದು ಆಂಟಿಬಾಡಿ ಬಾಟ್ಲಿಯೊಳಗ ಬರ್ತೈತಿ. ಅದು ಐಜಿಎ ಕಂಡಲ್ಲಿ ಹೋಗಿ ಅಂಟಕೋತೈತಿ, ಅಂಟಿದಲ್ಲಿ ಕಡೀಕ ಹಳದಿ ಬಣ್ಣ ಬರ್ತೈತಿ. ಹೆಚ್ಚು ಹಳದಿ ಅಂದ್ರ ಹೆಚ್ಚು ಐಜಿಎ.

ಸಾಲು ಸಾಲು ಸಣ್ಣ ಕುಣಿ ಇರೋ ನನ್ನ ಪ್ಲೇಟ್ ನೋಡಿದ್ರ ಪೂರಾ ಅರಿಷಿಣ ಬಳದಂಗ! ಮೂವತ್ತೆರಡು ಮಂದೀದೂ ಒಂದ ನಮೂನಿ. ಹಂಗ ಆಗೂದು ಸಾಧ್ಯನ ಇಲ್ಲ.

"ಖಾರದ ಧೂಳು, ಹೊಲಸು ಎಲ್ಲಾ ಸೇರೈತಿ. ಸೋಮವಾರ ಫ್ರೀಜರ್ ಖಾಲಿ ಮಾಡು. ಹಾಸ್ಟೆಲ್ ಹುಡುಗ್ಯಾರ ಸ್ಯಾಂಪಲ್ ತಗೊಂಡು ಬ್ಯಾರೆ ಟಾಪಿಕ್ ಹಿಡಿ" ಅಂದ್ರು ಸರ್.

"ಚೆಲ್ಲಂಗಿಲ್ಲ ಸರ್" ಅಂದೆ.

ನನ್ನ ದನಿ ಕೇಳಿ ನನಗ ಅಂಜಿಕಿ ಬಂತು. "ಹಂಗಾರ ಸೋಮವಾರದೊಳಗ ಪ್ರೂವ್ ಮಾಡು" ಅಂದು ಎದ್ದು ಹೋದ್ರು.

ರವಿವಾರ ಬ್ಯಾಡಗಿಗೆ ಹೋದೆ. ಅಮ್ಮಿ ನನ್ನ ಮಾರಿ ನೋಡಿದ ಕೂಡ್ಲೆ ಹಿಡದ್ಲು. "ಏನಾತು ಬೇಟಿ, ಬೊಗಳು" ಅಂದ್ಲು. ಆಕಿ ಪ್ರೀತಿ ಹಂಗ ಇರ್ತೈತಿ.

ಸರ್ ಅಂದಿದ್ದು ಬಿಟ್ಟು ಉಳಿದದ್ದೆಲ್ಲಾ ಹೇಳಿದೆ. ಆಕಿ ರೊಟ್ಟಿ ಬಡಿಯೂದು ನಿಲ್ಲಿಸಲೇ ಇಲ್ಲ.

"ಎಲ್ಲಾ ಚೀಲಾನೂ ಒಂದ ತೂಕ ತೋರಿಸಿದ್ರ ನಾವು ಕಾಯಿಗೆ ಬಯ್ಯಂಗಿಲ್ಲ, ತೂಗೋ ಕಾಟಾಕ್ಕ ಬಯ್ತೀವಿ. ನೀ ಮೊದಲ ಖಾಲಿ ಚೀಲ ಇಟ್ಟು ತೂಗಿದಿಯೇನ?"

ನಾ ಇಟ್ಟಿರಲಿಲ್ಲ.

ಪ್ಲೇಟಿನ್ಯಾಗ ಉಗುಳು ಹಾಕಲಾರದ ಖಾಲಿ ಕುಣಿ, ಅಂದ್ರ ವೆಲ್, ನಾಕಾರು ಇಡಬೇಕು ಅಂತ ನನಗ ಗೊತ್ತಿಲ್ಲೇನು? ಗೊತ್ತೈತಿ. ಆದ್ರ ಆಂಟಿಬಾಡಿ ಭಾಳ ತುಟ್ಟಿ, ಏನೂ ಇಲ್ಲದಲ್ಲಿ ಯಾಕ ಸುಮ್ನ ಹಾಕೂದು ಅಂತ ಬಿಟ್ಟಬಿಟ್ಟಿದ್ದೆ. ನೆಲಕ್ಕ ಬಿದ್ದ ಬೀಜಾನೂ ಬಳದು ಇಡೋ ಮನಿಯಾಗ ಬೆಳದಾಕಿ ನಾ. ತಪ್ಪು ನಂದ.

ಸೋಮವಾರ ಮೊದಲನೇ ಬಸ್ಸಿಗೆ ಹಾವೇರಿಗೆ ಬಂದು ಪ್ಲೇಟ್ ಹಾಕಿದೆ. ಎಂಟು ವೆಲ್‌ನ್ಯಾಗ ಉಗುಳು ಇಲ್ಲ. ಪ್ಲೇಟಿನ ಮೈ ಮುಚ್ಚಾಕ ನಾವು ಎಲ್ಲಾ ವೆಲ್‌ಗೂ ಬ್ಲಾಕರ್ ಅಂತ ಹಾಕೋ ಹಾಲಿನ ಪುಡಿ ನೀರು, ಅದರ ಮ್ಯಾಲ ಬಾಟ್ಲಿ ಆಂಟಿಬಾಡಿ. ಅಷ್ಟ.

ಮಧ್ಯಾಹ್ನ ಆಗೂದ್ರೊಳಗ ಎಂಟೂ ಹಳದಿ ಆಗಿ ಕುಂತಿದ್ವು!

ಬಾಟ್ಲಿ ಜೋಡಿ ಬಂದ ಹಾಳಿ ತಗದು ಓದಿದೆ. ಸರ್ ಈ ಸರ್ತಿ ಹೊಸಾ ಕಡೆಯಿಂದ ತರಿಸಿದ್ರು. ಆಕಳದ ಆಂಟಿಬಾಡಿಗೂ ಇದು ಅಂಟಬಹುದು ಅಂತ ಸಣ್ಣ ಅಕ್ಷರದಾಗ ಬರದಿತ್ತು. ಹಾಲಿನ್ಯಾಗ ಇರೂದು ಅದ ಅಲ್ಲೇನ್ರಿ? ಆ ಹಾಳಿ ಸರ್ ಓದಿಲ್ಲ, ನಾನೂ ಓದಿರಲಿಲ್ಲ.

ಪ್ಲೇಟ್ ತಗೊಂಡು ಹೋಗಿ ಸರ್ ಟೇಬಲ್ ಮ್ಯಾಲ ಇಟ್ಟೆ.

"ಸರ್, ಈ ಎಂಟರಾಗ ಯಾ ಹೆಂಗಸಿನ ಉಗುಳೂ ಇಲ್ಲ, ಬರೇ ನಮ್ಮ ಲ್ಯಾಬಿನ ಹಾಲು ಐತಿ. ಇದೂ ಬಾಯಿ ತೊಳಕೊಂಡಿಲ್ಲೇನ್ರಿ?"

ಸರ್ ಪ್ಲೇಟ್ ಎತ್ತಿ ಬೆಳಕಿಗೆ ಹಿಡದ್ರು. ಹಾಳಿ ಓದಿದ್ರು. "ಹಾಲು ಬಿಟ್ಟು ಬ್ಯಾರೆ ಬ್ಲಾಕರ್ ಹಾಕಿ ನೋಡು" ಅಂದ್ರು, ನನ್ನ ಮಾರಿ ನೋಡಲಾರದ.

ಬಾಗಲ ತನಕ ಹೋದಾಕಿ ತಿರುಗಿ ನಿಂತೆ. ಇಷ್ಟು ದಿನ ಮುಚ್ಚಿಟ್ಟಿದ್ದು ಹೇಳಿಬಿಟ್ಟೆ.

"ಏಳನೇ ನಂಬರ್ ನಮ್ಮ ಅಮ್ಮಿದು ಸರ್. ಮೂರು ಸರ್ತಿ ಬಾಯಿ ತೊಳಕೊಂಡಾಳ."

ಹಾಲಿಲ್ಲದ ಪ್ಲೇಟ್ ಮೊನ್ನೆ ಮಾಡಿದೆ. ಖಾಲಿ ವೆಲ್ ಎಲ್ಲಾ ನೀರಿನಂಗ ತಿಳಿ. ಹೆಂಗಸರದು ಒಬ್ಬಾಕೀದು ಒಂದೊಂದು ನಮೂನಿ ಬಣ್ಣ, ಬರಬೇಕಾದಂಗ ಬಂದೈತಿ. ಕಾವಲು ಎಷ್ಟು ಉಳದೈತಿ ಅನ್ನೋ ಉತ್ತರಕ್ಕ ಇನ್ನೂ ಭಾಳ ಕೆಲಸ ಐತಿ, ಆದ್ರ ಮೂವತ್ತೆರಡು ಟ್ಯೂಬೂ ಫ್ರೀಜರ್‌ನ್ಯಾಗ ಅವುಗಳ ಜಾಗಾದಾಗ ಅದಾವ.

ಸರ್ ಸಾರಿ ಅಂದ್ರೇನು? ಇಲ್ಲ ಬಿಡ್ರಿ.

ಅಮ್ಮಿ ಫೋನ್ ಮಾಡಿ "ನನ್ನ ಉಗುಳು ಪಾಸಾತೇನ?" ಅಂತ ಕೇಳಿದ್ಲು. "ನಿಂದು ಯಾವಾಗೂ ಪಾಸ್ ಇತ್ತು ಅಮ್ಮಿ, ಫೇಲ್ ಆಗಿದ್ದು ನಾವು" ಅಂದೆ.

ನೀವು ಹೇಳ್ರಿ... ಲೆಕ್ಕ ತಪ್ಪಿದಾಗ ನಿಮ್ಮಲ್ಲಿ ಕಾಟಾ ನೋಡ್ತಾರೋ, ಇಲ್ಲಾ ಬಡವರ ಬಾಯಿ ಮೂಸ್ತಾರೋ?