ಕೊಳಗದ ಹಳಿ

ಹೊನ್ನಾಳಿಗೆ ರೈಲು ಬರಲಿಲ್ಲ, ಆದರೆ ಷಣ್ಮುಖಪ್ಪನ ಹಿತ್ತಲಿಗೆ ಬಂತು. ಬಸ್‌ಸ್ಟ್ಯಾಂಡಿನ ಪಕ್ಕ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಈ ಮನುಷ್ಯ ಎಂಬತ್ತಮೂರನೇ ಇಸವಿಯಲ್ಲಿ ಎಣ್ಣೆಡಬ್ಬಿಯ ತಗಡು, ಕೆಟ್ಟ ಟೇಪ್‌ರೆಕಾರ್ಡರಿನ ಮೋಟಾರು ಕೂಡಿಸಿ ಮೊಳದುದ್ದದ ಒಂದು ಇಂಜಿನ್ ಮಾಡಿದ. ದಾಸವಾಳದ ಗಿಡ, ಕರಿಬೇವಿನ ಗಿಡ ಸುತ್ತಿಕೊಂಡು ಅದು ಓಡಬೇಕೆಂಬುದು ಅವನ ಆಸೆ. ಇಂಜಿನ್ ಸುಲಭಕ್ಕೆ ಆಯಿತು. ತಲೆ ತಿಂದದ್ದು ಹಳಿ.

ಹಳಿಯೆಂದರೆ ಬರೀ ದಾರಿಯಲ್ಲ, ಇಂಜಿನ್ನಿಗೆ ಕರೆಂಟು ಹತ್ತುವುದೂ ಅದರಿಂದಲೇ. ಮೊದಲು ಬಟ್ಟೆಯ ಮೂಟೆಗೆ ಬಿಗಿಯುವ ಕಬ್ಬಿಣದ ಪಟ್ಟಿ ತಂದು ಹಾಕಿದ. ಒಂದೇ ಮಳೆಗೆ ತುಕ್ಕು ಹಿಡಿದು ಇಂಜಿನ್ ಮಿಸುಕಲಿಲ್ಲ. ಆಮೇಲೆ ಅಲ್ಯುಮಿನಿಯಂ. ಅದಕ್ಕೆ ತುಕ್ಕಿಲ್ಲ, ನಿಜ, ಆದರೆ ಬೆಸುಗೆಯೂ ಹತ್ತಲಿಲ್ಲ. ಊರಿನ ರೇಡಿಯೋಗಳಿಗೆಲ್ಲ ಬೆಸುಗೆ ಹಾಕುವವನ ಹಿತ್ತಲಲ್ಲಿ ಹಳಿಯ ತುಂಡುಗಳು ಒಂದಕ್ಕೊಂದು ಮುನಿಸಿಕೊಂಡು ಬಿದ್ದಿದ್ದವು. ಹಿತ್ತಾಳೆಯೇ ಬೇಕು ಎಂದು ಅವನಿಗೆ ಗೊತ್ತಾಯಿತು. ಶಿವಮೊಗ್ಗಕ್ಕೆ ಹೋದರೆ ತಗಡು ಸಿಗುತ್ತಿತ್ತು. ಆದರೆ ಶಿವಮೊಗ್ಗ ದೂರ, ಅಟ್ಟ ಹತ್ತಿರ.

ಅಟ್ಟದ ಮೇಲೆ ಅಕ್ಕ ಕೊಟ್ರಮ್ಮನ ಕೊಳಗವಿತ್ತು. ಅವಳನ್ನು ಜಗಳೂರಿಗೆ ಕೊಟ್ಟಾಗ ಅಪ್ಪ ಮರುಳಪ್ಪ ಹೆಸರು ಹಾಕಿಸಿ ಕೊಟ್ಟ ದೊಡ್ಡ ಹಿತ್ತಾಳೆ ಕೊಳಗ. ಗಂಡನ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಇದೂ ಎಲ್ಲಿ ಪಾಲಿಗೆ ಹೋಗುತ್ತದೋ ಎಂದು ಹೆದರಿ, ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ತಮ್ಮನ ಕೈಗಿಟ್ಟಿದ್ದಳು. “ನನ್ ಮಗಳ ಮದುವಿಗೆ ಬೇಕು, ಜ್ವಾಪಾನ ಮಾಡಪ್ಪ” ಎಂದಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳ ಪಾಲಿಗೆ ತವರು ಎಂದು ಉಳಿದಿದ್ದು ಈ ತಮ್ಮ ಮತ್ತು ಆ ಕೊಳಗ.

ಷಣ್ಮುಖಪ್ಪ ಅದನ್ನು ಇಳಿಸುವಾಗ ಹೆಂಡತಿ ಅನ್ನಪೂರ್ಣಮ್ಮ ಏಣಿ ಹಿಡಿದು ನಿಂತಿದ್ದಳು.

“ಅದು ಅಕ್ಕಾರದು ಕಣ್ರೀ.”

“ಈಗ ಹಿತ್ತಾಳೆ ಯಾರಿಗ್ ಬೇಕೇ? ಎಲ್ಲಾರೂ ಅದನ್ನ ಅಂಗಡಿಗೆ ಹಾಕಿ ಸ್ಟೀಲ್ ತಗಳ್ತಾರೆ. ಮದುವಿಗೆ ಸ್ಟೀಲ್ ಸೆಟ್ಟೇ ಕೊಡಿಸಿದ್ರಾತು.”

ಕೊಳಗವನ್ನು ಸೀಳಿ, ಬಡಿದು, ಚಪ್ಪಟೆ ಮಾಡಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿದ. ಕತ್ತರಿ ಹೆಸರಿನ ನಡುವೆಯೇ ಹಾದುಹೋಯಿತು. ಆಗ ಅವನ ಕೈ ಒಂದು ಗಳಿಗೆ ನಿಂತಿತು. ಸುಳ್ಳು ಹೇಳಬಾರದು, ನಿಂತಿತು. ಆದರೆ ಹಾಳಾದ ಆಸೆ, ಮುಂದಕ್ಕೆ ನೂಕಿತು. ರೈಲು ಓಡಿತು. ನ್ಯಾಮತಿಯಿಂದಲೂ ಜನ ನೋಡಲು ಬಂದರು. “ಸರ್ಕಾರದ ಕೈಲಿ ಆಗದ್ದು ಷಣ್ಮುಖಪ್ಪ ಮಾಡಿದ ನೋಡ್ರಿ” ಎಂದು ಹೊಗಳಿದರೆ ಅವನು ಉಬ್ಬಿಹೋಗುತ್ತಿದ್ದ.

ಮರುವರ್ಷ ಅಕ್ಕನ ಮಗಳಿಗೆ ಗಂಡು ಗೊತ್ತಾಯಿತು. ಕೊಳಗ ಒಯ್ಯಲು ಸೋಮವಾರ ಬರುತ್ತೇನೆಂದು ಕೊಟ್ರಮ್ಮ ಹೇಳಿ ಕಳಿಸಿದಳು. “ಬೀಗರು ಹಳೇ ಮಂದಿ, ಹಿತ್ತಾಳೆನೇ ಕೇಳ್ಯಾರೆ” ಎಂದೂ ಹೇಳಿದ್ದಳು. ಷಣ್ಮುಖಪ್ಪನಿಗೆ ನಿಜ ಹೇಳುವ ಬಾಯಿ ಇರಲಿಲ್ಲ. ದಾವಣಗೆರೆಗೆ ಓಡಿ, ಅಷ್ಟೇ ದೊಡ್ಡದೊಂದು ಕೊಳಗ ತಂದ. ಪಾತ್ರೆ ಅಂಗಡಿಯವನು ಚುಕ್ಕೆ ಕುಟ್ಟಿ ಹೆಸರು ಹಾಕಿಕೊಟ್ಟ. ಮನೆಗೆ ಬಂದು ಅದಕ್ಕೆ ಒಲೆಯ ಮಸಿ ಬಳಿದ, ಹುಣಸೆಹಣ್ಣು ಹಚ್ಚಿ ತಿಕ್ಕಿದ, ಅಲ್ಲಲ್ಲಿ ಬಡಿದು ನೆಗ್ಗಿಸಿದ. ಹೊಸದೆಂದು ತಾನೇ ಗುರುತು ಹಿಡಿಯಲಾರೆ ಎನ್ನುವಂತಾದ ಮೇಲೆ ಸಮಾಧಾನಪಟ್ಟ.

ಸೋಮವಾರ ಕೊಟ್ರಮ್ಮ ಬಂದಳು. ನೀರು ಕುಡಿದವಳೇ ಕೊಳಗವನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಕೊರಳಿನ ಹತ್ತಿರ ಹೆಸರಿನ ಮೇಲೆ ಬೆರಳಾಡಿಸಿದಳು. ಓದು ಬಾರದವಳು, ನೋಡಿದರೇನಾಯಿತು ಎಂದು ಷಣ್ಮುಖಪ್ಪ ಧೈರ್ಯವಾಗಿಯೇ ಇದ್ದ. ಅವಳ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು.

“ಇಲ್ಲಿ ಕೆಳಗೆ ಏನೋ ಜೋತಾಡ್ತೈತಲ್ಲಪ್ಪ.”

“ಏನಕ್ಕಾ?”

“ನನ್ನೆಸರಿಗೆ ಕೆಳಗೆ ಏನೂ ಇರ್ಲಿಲ್ಲ. ಹೆಬ್ಬೆಟ್ಟು ಒತ್ತಾಕೆ ನಾಚಿಕಾಗಿ, ಇದರ ಮ್ಯಾಲೇ ಬೆರಳಾಡಿಸಿ ಅಲ್ವಾ ಸೈ ಮಾಡಾಕೆ ಕಲ್ತಿದ್ದು ನಾನು? ಈಗ್ಲೂ ಹಂಗೇ ಮಾಡ್ತೀನಿ.”

ಆಗ ಅವನಿಗೆ ಹೊಳೆಯಿತು. ಹಳೇ ಕೊಳಗಕ್ಕೆ ಹೆಸರು ಹಾಕಿದ ಪುಣ್ಯಾತ್ಮ ಒತ್ತಕ್ಷರ ಬಾರದೆ ‘ಕೊಟರಮ’ ಎಂದು ಕುಟ್ಟಿದ್ದ. ಹೈಸ್ಕೂಲಿಗೆ ಹೋಗುತ್ತಿದ್ದಾಗ ಷಣ್ಮುಖಪ್ಪ ಅದನ್ನೋದಿ ನಕ್ಕಿದ್ದೂ ಉಂಟು. ದಾವಣಗೆರೆಯಲ್ಲಿ ಮಾತ್ರ, ಓದಿದವನಲ್ಲವೇ, ಟಕಾರಕ್ಕೆ ರಾವತ್ತು, ಮಕಾರಕ್ಕೆ ಮಾವತ್ತು ಎಂದು ಮುಂದೆ ನಿಂತು ಹೇಳಿ ಬರೆಸಿದ್ದ.

“ಅಪ್ಪ ಕೊಟ್ಟಿದ್ದು ಎಲ್ಲೈತೆ ಷಣ್ಮುಖ?”

ಅವನು ಎದ್ದು ಹಿತ್ತಲಿಗೆ ನಡೆದ, ಅವಳು ಹಿಂದೆಯೇ ಬಂದಳು. ದಾಸವಾಳದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಜೋಡಿ ಹಳಿಯನ್ನು ಕಿತ್ತು ಅವಳ ಕೈಗೆ ಕೊಟ್ಟ. ಕೊಟ್ರಮ್ಮ ಸೆರಗಿನಿಂದ ಮಣ್ಣು ಒರೆಸಿ ಎರಡೂ ಪಟ್ಟಿ ಒತ್ತೊತ್ತಿಗೆ ಹಿಡಿದಳು. ಮೇಲಿನ ಅರ್ಧಕ್ಕೆ ಕೆಳಗಿನ ಅರ್ಧ ಕೂಡಿ ಅವಳ ಹೆಸರಾಯಿತು. ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವನು ಅಕ್ಕನ ಮುಖ ನೋಡಲಾಗದೆ ನೆಲ ನೋಡುತ್ತ ನಿಂತ.

ಸಂಜೆ ಬಸ್ಸಿಗೆ ಅವನೇ ಕೊಳಗ ಹೊತ್ತು ಬಂದ. ಕಂಡಕ್ಟರ್ ಅದನ್ನು ಟಾಪಿನ ಮೇಲೆ ಹಾಕಿಸಿ, ಕೊಟ್ರಮ್ಮನ ಕಂಕುಳಲ್ಲಿದ್ದ ಪಟ್ಟಿಗಳಿಗೂ ಕೈ ಚಾಚಿದ.

“ಅದು ಬೀಗರ್ದು, ಮ್ಯಾಲಿರ್ಲಿ” ಎಂದಳು ಅವಳು. “ಇದು ನಮ್ಮಪ್ಪಂದು, ನನ್ನತ್ರ ಇರ್ತೈತೆ.”